ಆರನೆಯ ಹಾಲಿ ಮರ

ಹದಿನೇಳು ವರ್ಷ ತೋಟ ನೋಡಿಕೊಂಡಿದ್ದ ಮಾಲಿಯಮ್ಮನನ್ನು ಸೋಮವಾರ ಬೆಳಿಗ್ಗೆ ಕೆಲಸದಿಂದ ತೆಗೆದುಹಾಕಿದರು. ತೋಟದಲ್ಲಿದ್ದ ‘ಹಾಲಿ’ ಎಂಬ ಸೀಮೆ ಮರಗಳಿಗೆ ಆಕೆ ವಿಷ ಹಾಕಿದ್ದಾಳೆ ಎಂದು ಯಜಮಾನ ಹೇಳಿದ. ಪ್ರತಿ ಚಳಿಗಾಲ ಕೆಂಪು ಹಣ್ಣಿನಿಂದ ತೊನೆಯುತ್ತಿದ್ದ ಐದು ಮರಗಳಲ್ಲಿ ಈ ಸಲ ಒಂದೇ ಒಂದು ಹಣ್ಣಿರಲಿಲ್ಲ.

ಯಜಮಾನನ ತಾಯಿ ಹಾಸಿಗೆ ಹಿಡಿದಿದ್ದರು. ಮಾಲಿಯಮ್ಮನ ಜೊತೆ ಮಣ್ಣಿನಲ್ಲಿ ಕೂತು ಆ ಸಸಿಗಳನ್ನು ನೆಟ್ಟವರು ಅವರೇ. ಮಗನ ಮಾತನ್ನು ನಂಬಲಾರದೆ, ತಳ್ಳಿಹಾಕಲೂ ಆಗದೆ, ನನ್ನ ಸೋದರತ್ತೆಗೆ ಹೇಳಿಕಳಿಸಿದರು. ಅತ್ತೆ ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿ ಕಿವಿ ಪಳಗಿಸಿಕೊಂಡವಳು. ಚೀಲ ಹೊರಲು ನಾನು.

ಅತ್ತೆ ಮೊದಲು ಎಲೆ ಮುಟ್ಟಿದಳು. ಮುಳ್ಳಂಚಿನ ಎಲೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ವಿಷ ಕುಡಿದ ಮರ ಹೀಗಿರುತ್ತದೆಯೇ?

ಮಾಲಿಯಮ್ಮ ಗೇಟಿನ ಹೊರಗೆ ಗಂಟುಮೂಟೆಯ ಮೇಲೆ ಕೂತಿದ್ದಳು. ತಪ್ಪು ಹೊರಿಸಬೇಕಾದಾಗ ಮೊದಲು ಕೈಗೆ ಸಿಗುವುದು ಕೂಲಿಯವರ ಕುತ್ತಿಗೆ. ಕೇಳಿದ್ದಕ್ಕೆಲ್ಲ ಆಕೆ ಉತ್ತರ ಕೊಟ್ಟಳು— ಹೂ ಬೆಳ್ಳಗೆ ತುಂಬಿಕೊಂಡಿತ್ತು, ಜೇನೂ ಬಂದಿತ್ತು, ಬೇಸಿಗೆಯಲ್ಲಿ ಒಂದು ದಿನವೂ ನೀರು ತಪ್ಪಿಸಿಲ್ಲ, ಬೇರು ಕದಲಿದರೆ ಮುನಿಸಿಕೊಳ್ಳುವ ಮರವೆಂದು ಬುಡಕ್ಕೆ ಗುದ್ದಲಿ ತಾಗಿಸಿಲ್ಲ, ಒಣಗಿದೆಲೆ ಹೊದಿಸಿದ್ದಷ್ಟೇ.

ಅತ್ತೆ ಅವಳನ್ನು ಒಳಗೆ ಕರೆತಂದು ಎಣಿಸಿದಳು. ಮರ ಐದು. ಎಲೆ ಹೊದಿಸಿದ ಬುಡ ಆರು.

“ಆರನೇದು ಏನಮ್ಮಾ?”

“ಕಡಿದ್ಬಿಟ್ರು. ಮಗಳ ಹೆರಿಗೆಗೆ ಹೋಗಿದ್ದೆ, ಬರೋಷ್ಟ್ರಲ್ಲಿ ಬರೀ ಮೋಟು.” ಮಾಲಿಯಮ್ಮ ತಲೆ ತಗ್ಗಿಸಿದಳು. “ಅದೊಂದ್ರ ಹೂವಲ್ಲೇ ಹಳದಿ ಪುಡಿ ಇರ್ತಿತ್ತು. ಮುಟ್ಟಿದ್ರೆ ಬೆರಳಿಗೆಲ್ಲ ಮೆತ್ಕೊಳ್ಳೋದು.”

ಅತ್ತೆ ಕನ್ನಡಕ ತೆಗೆದಳು. ಅವಳು ಕನ್ನಡಕ ತೆಗೆದರೆ ಲೆಕ್ಕ ಬಗೆಹರಿಯಿತೆಂದೇ ಅರ್ಥ.

ಅಷ್ಟರಲ್ಲಿ ಯಜಮಾನ ಮೆಟ್ಟಿಲಿಳಿದು ಬಂದ. ಹೌದು, ಹೂ ಬಿಡುವ ಕಾಲಕ್ಕೆ ಮುಂಚೆ ತಾನೇ ಕಡಿಸಿದ್ದು ಎಂದು ಒಪ್ಪಿಕೊಂಡ. “ಇಷ್ಟು ವರ್ಷದಲ್ಲಿ ಒಂದು ಹಣ್ಣು ಕೊಟ್ಟಿಲ್ಲ. ಬಂಜೆ ಮರ. ಇಟ್ಕೊಂಡು ಮುದ್ದು ಮಾಡ್ಬೇಕಿತ್ತಾ?”

“ಅದು ಗಂಡು ಮರ,” ಎಂದಳು ಅತ್ತೆ.

ಅತ್ತೆ ಬಿಡಿಸಿ ಹೇಳಿದಳು: ಹಾಲಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡು ಹಣ್ಣು ಬಿಡುವುದಿಲ್ಲ. ಅದರ ಹಳದಿ ಪರಾಗವನ್ನು ಜೇನು ಹೊತ್ತು ತಂದರೇ ಹೆಣ್ಣು ಮರಗಳಲ್ಲಿ ಹಣ್ಣು ಕಟ್ಟುವುದು. ಸುತ್ತಮುತ್ತ ಬೇರೆ ಹಾಲಿಯೇ ಇಲ್ಲ.

“ಹಣ್ಣು ಹೋಗಿದ್ದು ನಿನ್ನ ಕೊಡಲಿಯಿಂದ ಕಣಪ್ಪ. ಬಂಜೆ ಅಂತ ಹೆಸರಿಡೋಕೆ ಮುಂಚೆ ಇವಳನ್ನ ಒಂದ್ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಮಾಲಿಯಮ್ಮ ಮೋಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲೆಗಳನ್ನು ಸರಿಸಿದಳು. ಬೆರಳುದ್ದದ ಚಿಗುರು. ಎಳೆಗೂಸಿನ ಕಿವಿಯಷ್ಟು ಮೆದು. ಮುಳ್ಳಿನ್ನೂ ಬಲಿತಿರಲಿಲ್ಲ.

ಯಜಮಾನ ಗಂಟಲು ಸರಿಮಾಡಿಕೊಂಡ. ನಾಳೆಯಿಂದ ಕೆಲಸಕ್ಕೆ ಬರಬಹುದು, ಹಳೆಯದನ್ನೆಲ್ಲ ಮರೆಯೋಣ ಎಂದ. ಒಂದೇ ಒಂದು ಕೆಲಸ ಮಾಡಬೇಕು.

“ಮೇಲೆ ಹೋಗಿ ಅಮ್ಮಂಗೆ ಹೇಳು— ಮರಕ್ಕೆ ರೋಗ ಬಂದಿತ್ತು, ಮಾಲಿಯಾಗಿ ನಾನೇ ಗಮನಿಸ್ಲಿಲ್ಲ ಅಂತ.”

ಮಾಲಿಯಮ್ಮ ಚಿಗುರಿನ ಸುತ್ತ ಎಲೆಗಳನ್ನು ಮತ್ತೆ ಹೊದಿಸಿ, ಎದ್ದು, ಕೈಯ ಮಣ್ಣು ಒರೆಸಿಕೊಂಡಳು.

“ಹೋಗ್ತೀನಿ. ಚಿಗುರು ಬಂದಿದೆ ಅಂತ ಹೇಳ್ತೀನಿ. ರೋಗ ಅಂತ ಮಾತ್ರ ಹೇಳಲ್ಲ.”