ಜಾಲಿಕಟ್ಟಿಗೆಯ ಗಾಲಿ

ಗೋಡೆಗೆ ಆತು ನಿಂತ ಜಾಲಿಕಟ್ಟಿಗೆಯ ಗಾಲಿ. ಅದರ ನಡುವೆ ಬೆರಳು ಹೋಗುವಷ್ಟು ತೂತು. ತೂತಿನಿಂದ ಜಾರಿದ ಒದ್ದೆ ಮರಳು ಕೆಳಗಿನ ಶಹಾಬಾದ ಕಲ್ಲಿನ ಮೇಲೆ ಸಣ್ಣ ದಿಬ್ಬವಾಗಿದೆ. ಮರಳು ಸರಿದಲ್ಲಿ ಕಲ್ಲು ಸಂಜೆಯ ಕೆರೆಯಂತೆ ಹೊಳೆಯುತ್ತಿದೆ.

ಅರ್ಜಿ ಬರೆಯುವ ವಾಸುದೇವರಾಯರಿಗೆ ಆ ಹೊಳಪೇ ಅಸಹನೀಯವಾಯಿತು. ಮೂವತ್ತು ವರ್ಷ ಪರರಿಗಾಗಿ ಉರ್ದು ಬರೆದರೂ ತಮ್ಮದೆನ್ನುವ ಒಂದು ಕುರ್ಚಿಯಿಲ್ಲ. ಓದು ಬಾರದ ಪೀರಪ್ಪ ಕಲ್ಲಿಗೆ ಹೊಳಪು ಕೊಡುವ ಈ ಗಾಲಿಯನ್ನು ಕಂಡುಹಿಡಿದಿದ್ದ. ನಿಜಾಮ ಸರಕಾರದ ದಫ್ತರಿಗೆ ಪೇಟೆಂಟಿನ ಅರ್ಜಿ ಬರೆಯಿರೆಂದು ಅವನೇ ಬಂದು ಬೇಡಿದ್ದ. ಇಂಥ ಗಾಲಿ ಹಾಕಲು ಅವನಿಗೆ ಹಣ ಕೊಟ್ಟು ಲೈಸೆನ್ಸ್ ಪಡೆಯುವುದು ಯಾರಿಗೂ ಬೇಕಾಗದಂತೆ ಬರೆದರೆ ತನ್ನ ಕಚೇರಿಯ ಮುನ್ಶಿಗಿರಿ ನಿಮ್ಮದೆಂದು ಗಣಿಯ ಮಾಲೀಕ ಭೀಮಶಾ ಹೇಳಿದ್ದ.

ಕದಿಯಬೇಕಾದುದೇನೂ ಇರಲಿಲ್ಲ, ಹಕ್ಕಿನ ಬೇಲಿಯನ್ನು ಒಳಗೆಳೆದರೆ ಸಾಕು. ಜೀವವಿದ್ದುದು ತೂತಿನಲ್ಲಿ, ತಿರುಗುವ ಗಾಲಿಯ ನಡುವಿನಿಂದ ನೀರು ಮರಳು ಎಡೆಬಿಡದೆ ಇಳಿಯುವ ಉಪಾಯದಲ್ಲಿ. 'ಇಂಥ ತೂತಿನ ಯಾವುದೇ ಗಾಲಿ' ಎಂದು ಬರೆದರೆ ವಾಡಿಯಿಂದ ಶಹಾಬಾದದವರೆಗಿನ ಗಣಿಗಳೆಲ್ಲ ಲೈಸೆನ್ಸಿಗಾಗಿ ಪೀರಪ್ಪನ ಬಾಗಿಲಿಗೆ ಬರಬೇಕು. ರಾಯರು ಬರೆದರು: ಜಾಲಿಕಟ್ಟಿಗೆಯದು, ಎರಡು ಮೊಳ ಅಗಲ, ಒಂದೇ ಎತ್ತು ತಿರುಗಿಸುವಂಥದು. ಒಂದಕ್ಷರವೂ ಸುಳ್ಳಲ್ಲ. ಯಾವ ಕೋರ್ಟೂ ಹಿಡಿಯಲಾರದು.

ಓದಿ ಹೇಳಿದಾಗ ಪೀರಪ್ಪ ನಕ್ಕ. "ಭಾಳ ಛಲೋ ಬರದೀರಿ ರಾಯರ. ನನ್ನ ಎತ್ತಿಗೂ ಹೈದರಾಬಾದ್ ತೋರಿಸಿದ್ರಿ!"

ಅವನ ಹೆಬ್ಬೆಟ್ಟನ್ನು ಹಿಡಿದು ಒತ್ತಿಸುವಾಗ, ಮಸಿ ತಮ್ಮ ಕೈಗೇ ಹತ್ತಿದಂತೆ ರಾಯರು ಬೆರಳು ಒರೆಸಿಕೊಂಡರು.

ಪೇಟೆಂಟ್ ಬಂತು. ಮರುತಿಂಗಳೇ ಭೀಮಶಾನ ಗಣಿಯಲ್ಲಿ ಎಂಜಿನ್ನಿಗೆ ಕಟ್ಟಿದ ಕಬ್ಬಿಣದ ಗಾಲಿ ತಿರುಗಿತು, ನಡುವೆ ಅದೇ ತೂತು. ವಾಡಿಯವರೂ ಹಾಕಿಸಿಕೊಂಡರು. ರಾಯರು ಮುನ್ಶಿಯ ಕುರ್ಚಿಯಲ್ಲಿ ಕುಳಿತರು, ಗಾಲಿ ಕಾಣುವ ಕಿಟಕಿಗೆ ಬೆನ್ನುಮಾಡಿ.

ಒಂದು ಮಧ್ಯಾಹ್ನ ಪೀರಪ್ಪ ಬಂದ.

"ಕುಂದ್ರು ಪೀರಪ್ಪ."

"ನಿಂತೇ ಹೇಳ್ತೀನ್ರಿ. ಲೈಸೆನ್ಸ್ ತಗೋರಿ ಅಂದ್ರ, ನಿಂದು ಕಟ್ಟಿಗಿದು, ನಂದು ಕಬ್ಬಿಣದ್ದು ಅಂದ್ರು ಸಾವ್ಕಾರ್ರು."

"ಕಾಯ್ದೆನೇ ಹಂಗದಪಾ." ಈ ಮಾತನ್ನು ರಾಯರು ಎಂದೋ ಸಿದ್ಧಮಾಡಿಟ್ಟಿದ್ದರು.

"ಇರಲಿ ಬಿಡ್ರಿ. ನನ್ನ ಸಲುವಾಗಿ ನಿಮಗೂ ಲುಕ್ಸಾನ್ ಆತಲ್ಲ, ಅದಕ್ಕ ಸಂಕಟ."

ಪೀರಪ್ಪ ಮಡಿಸಿದ ಛಾಪಾಕಾಗದ ಬಿಚ್ಚಿಟ್ಟ. ಕಾಳಗಿಯ ಒಕ್ಕಲು ಮನೆತನದವನು ಅವನು. ಕಣದಲ್ಲಿ ದುಡಿದವರ ಆಯ ತೆಗೆದಿಡದೆ ರಾಶಿಯನ್ನು ಮನೆಗೊಯ್ಯುವವನಲ್ಲ. ಅದೊಂದನ್ನು ರಾಯರು ನೆನೆದಿರಲಿಲ್ಲ. "ನಿಮ್ಮ ಪಾಲು ನಿಮ್ಮ ಕೈಲೇ ಬರಸಾಕ ನಾಚಿಕಿ ಬಂತ್ರಿ. ಅರ್ಜಿಗೆ ಹೆಬ್ಬೆಟ್ಟು ಒತ್ತಿದ ದಿನಾನೇ, ಅರ್ಜಿ ಬರಿಯೋ ಇನ್ನೊಬ್ರು ಮಜೀದಸಾಬರ ಕಡಿಂದ ಬರಸಿದ್ದೆ." ಬರುವ ಪ್ರತಿ ಲೈಸೆನ್ಸಿನಲ್ಲಿ ಅರ್ಧ ವಾಸುದೇವರಾಯರಿಗೆ, ಅವರ ನಂತರ ಮಗಳು ನರ್ಮದೆಗೆ. ರಾಯರು ತಲೆಯೆತ್ತಲಿಲ್ಲ. ಬರೆಯುವವರಿಗೆ ತೊಂದರೆಯಾದೀತೆಂಬಂತೆ ಪೀರಪ್ಪ ಮೆಲ್ಲನೆ ಹೊರಗೆ ಹೆಜ್ಜೆಯಿಟ್ಟು, ಸದ್ದಾಗದ ಹಾಗೆ ಬಾಗಿಲು ಮುಂದೆಮಾಡಿಕೊಂಡು ಹೋದ.