ಬಾಯಿಗಿಟ್ಟ ಬಿಲ್ಲೆ

"ಇಂಥ ಚೆಲುವೆಯನ್ನ ಗೋಡೆಗೆ ಮೆತ್ತಿದ ಮಹಾನುಭಾವ ಯಾರಪ್ಪಾ?"

ಫೋಲ್ಕರ್ ಕೇಳಿದ್ದು ಯಾರನ್ನೂ ಅಲ್ಲ. ಬೇಕರಿಯಲ್ಲಿ ಆಗ ಯಾರೂ ಇರಲಿಲ್ಲ. ಒಲೆಯ ಮೇಲಿನ ಗಾರೆಯಲ್ಲಿ ಹುದುಗಿದ್ದ ಬಿಳಿ ಪಿಂಗಾಣಿ ಬಿಲ್ಲೆ ಮಾತ್ರ ಸತ್ತ ಮೀನಿನ ಕಣ್ಣಿನಂತೆ ಅವನನ್ನೇ ನೋಡುತ್ತಿತ್ತು. ನೋಟುಗಳು ಕಸವಾಗಿ ಹೋಗಿದ್ದ ಕಾಲದಲ್ಲಿ ಬೆಟ್ಟದ ಮೇಲಿನ ಕಾರ್ಖಾನೆ ತನ್ನ ಕೂಲಿಗಳಿಗೆಂದು ಭಟ್ಟಿಯಲ್ಲಿ ಸುಟ್ಟು ಕೊಟ್ಟ ನಾಣ್ಯ ಅದು. ಅಂಥವನ್ನು ಅರಸುತ್ತ ಜರ್ಮನಿಯ ಥುರಿಂಗಿಯಾದ ಊರೂರು ಅಲೆದವನಿಗೆ ದಕ್ಕದೆ ಉಳಿದಿದ್ದು ಇದೊಂದೇ.

ಒಳಗಿನಿಂದ ಮುದುಕಿ ಒಟೀಲಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು.

"ಅದರ ಸುದ್ದಿಗೆ ಹೋಗ್ಬೇಡಿ. ಬಾಯಿಗಂತೂ ತಾಗಿಸಲೇಬೇಡಿ."

"ಯಾಕಜ್ಜಿ, ನಿಮ್ಮ ಬ್ರೆಡ್ಡಿಗಿಂತ ಗಟ್ಟಿನಾ?"

ಅವಳು ನಗಲಿಲ್ಲ. "ಕೂಲಿಯವಳೊಬ್ಬಳು ಇದನ್ನ ತಂದು ಬ್ರೆಡ್ ಕೇಳಿದ್ಲಂತೆ. ನಮ್ಮ ತಾತ ತಗೊಳ್ಳಲಿಲ್ಲ. ಕಂಕುಳಲ್ಲಿದ್ದ ಮಗು ಹಸಿವಿಗೆ ಬಿಲ್ಲೇನೇ ಚೀಪ್ತಾ ಚೀಪ್ತಾ ಈ ಹೊಸ್ತಿಲಲ್ಲೇ ಪ್ರಾಣ ಬಿಡ್ತು. ಅವಳು ಅದರ ಬಾಯಿಂದ ತೆಗೆದು, ಒಲೆ ಬೂದಿ ಸವರಿ, ಏನೋ ಮಣಮಣ ಅಂದು ಗೋಡೆಗೆ ಒತ್ತಿದ್ಲು. 'ಇದನ್ನ ಬಾಯಿಗಿಟ್ಟವರ ಮಗೂಗೂ ಒಂದು ತುತ್ತು ಇಳೀದಿರ್ಲಿ' ಅಂತ."

"ಭೇಷ್! ಕತೆಯಿದ್ರೆ ನಾಣ್ಯಕ್ಕೆ ಇನ್ನಷ್ಟು ಕಳೆ. ಕೊಡ್ತೀರಾ?"

"ಕೊಡೋಕೆ ಅದು ನಮ್ಮದಲ್ಲ. ನಾವು ತಗೊಂಡೇ ಇಲ್ವಲ್ಲ. ತಗೊಂಡ್ರೆ ಆ ಶಾಪಾನೂ ನಮ್ಮನೆಗೇ."

ಫೋಲ್ಕರ್ ಚಾಕುವಿನ ಮೊನೆಯಿಂದ ಬಿಲ್ಲೆಯನ್ನು ಎಬ್ಬಿಸಿದ. ಪಿಂಗಾಣಿಯೋ ಬರಿಯ ಗಾರೆಯೋ ಎಂದು ತಿಳಿಯಲು ಹಲ್ಲಿಗೆ ಬಡಿದು ಕೇಳುವುದು ಅವನ ಹಳೆಯ ಚಾಳಿ. ಮುದುಕಿ ಕೈ ಚಾಚುವಷ್ಟರಲ್ಲಿ ಬಡಿದಾಗಿತ್ತು.

ಟಣ್!

ತಪ್ಪಿಲ್ಲದ ನಾದ. ನಾಲಿಗೆಯ ತುದಿಗೆ ಮಾತ್ರ ಬೂದಿಯ, ಹುಳಿತ ಹಾಲಿನ ರುಚಿ. ಬಿಲ್ಲೆಯನ್ನು ಜೇಬಿಗಿಳಿಸಿ ಅವನು ಹೊರಟ.

ಕಣಿವೆಯಾಚೆಯ ಮನೆಯಲ್ಲಿ ಅವನ ಎರಡು ವರ್ಷದ ಮಗಳು ಇರ್ಮಾ ಕಾಯುತ್ತಿದ್ದಳು. ಹೆತ್ತವಳು ಹೋದ ಮೇಲೆ ಅಪ್ಪನ ಕೈತುತ್ತೇ ಅವಳ ಜೀವ. ಆಲೂಗಡ್ಡೆ ಸಾರಿನ ಹಬೆಗೆ ಎಂದಿನಂತೆ ಬಾಯಿ ತೆರೆದ ಮಗು, ಚಮಚ ಹತ್ತಿರ ಬಂದೊಡನೆ ತುಟಿ ಬಿಗಿದುಕೊಂಡಿತು.

"ಅಪ್ಪನ ಬಂಗಾರಿ ಅಲ್ವಾ? ಒಂದೇ ಒಂದು."

ಇಲ್ಲ. ಹಾಲು ಬೇಡ. ಜೇನು ಬೇಡ. ಪಕ್ಕದ ಮನೆಯಾಕೆ ತಿನ್ನಿಸಲು ಬಂದರೂ ಬೇಡ. ಮರುದಿನ ಕಿಟಕಿಗೆ ಮಂಜು ಕವಿದು ಹಗಲೇ ಕತ್ತಲಾಯಿತು. ಕೋಣೆಯಲ್ಲಿ ಹಸಿ ಜೇಡಿಮಣ್ಣಿನ ವಾಸನೆ. ಮಗುವಿನ ಕಣ್ಣು ಹಸಿದಿತ್ತು. ಸಾರನ್ನೇ ನೋಡುತ್ತಿತ್ತು. ಬಾಯಿ ಮಾತ್ರ ಬಿಗಿದಿತ್ತು. ಅವನು ಗಲ್ಲ ಹಿಡಿದ. ಒತ್ತಿದ. ತುಟಿ ಬಿಡಿಸಿದ. ಚಮಚ ಹಲ್ಲಿಗೆ ತಾಗಿತು.

ಟಣ್!

ಅದೇ ನಾದ. ಒಳಗೆ ನಾಲಿಗೆ ಬೆಳ್ಳಗಿತ್ತು. ನುಣ್ಣಗಿತ್ತು. ತಣ್ಣಗಿತ್ತು.

ಮಗಳನ್ನು ಎದೆಗವಚಿಕೊಂಡು ಅವನು ಓಡಿದ. ಬೇಕರಿಯ ಹೊಸ್ತಿಲಲ್ಲಿ ಕುಸಿದು ಬಿಲ್ಲೆಯನ್ನು ಚಾಚಿದ.

"ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೀನಿ. ಇದನ್ನ ತಗೊಂಡು ಒಂದು ಬ್ರೆಡ್ ಕೊಡಿ. ಅವತ್ತು ಆಗದೆ ಹೋದದ್ದು ಇವತ್ತಾದ್ರೂ ಆಗ್ಲಿ. ನನ್ನ ಮಗು ಉಳೀಲಿ."

ಒಟೀಲಿ ಮಗುವನ್ನು ನೋಡಿದಳು. ಕಣ್ಣು ತುಂಬಿತು. ಹಿಟ್ಟು ಮೆತ್ತಿದ ಕೈ ಅರ್ಧದವರೆಗೆ ಮುಂದೆ ಬಂತು. ಅಷ್ಟರಲ್ಲಿ ಒಳಗೆ ಬಟ್ಟಲಿಗೆ ಚಮಚ ತಾಗಿದ ಸದ್ದಾಯಿತು. ಅವಳ ಮೊಮ್ಮಗ ನಗುತ್ತ ಇನ್ನಷ್ಟು ಕೇಳುತ್ತಿದ್ದ.

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ತಗೊಳ್ಳಲ್ಲ."