ಬರೆದವರ ಕೈ ಮೊದಲು

"ಇಲ್ಲಿ ಬೆರಳು ಇಡ್ರಿ."

ಮೌನೇಶ ಸುಜಾತಾಳಿಗೆ ಆಡಿದ ಮೊಟ್ಟಮೊದಲ ಮಾತು ಇದು. ಹೆಸರು ಕೇಳಲಿಲ್ಲ, ಕೂತುಕೊಳ್ಳಿ ಅನ್ನಲಿಲ್ಲ. ಮೇಜಿನ ಮೇಲೆ ಜಾಲರಿ ಕಿತ್ತ ಫ್ಯಾನೊಂದು ಗರಗರ ತಿರುಗುತ್ತಿತ್ತು. ಕೆಲಸ ಕೇಳಿಕೊಂಡು ಹರಪನಹಳ್ಳಿಯಿಂದ ಬಸ್ಸಿನಲ್ಲಿ ಬಂದ ಹುಡುಗಿ ಕೈ ಹಿಂದಕ್ಕೆ ಎಳೆದುಕೊಂಡಳು.

ಅವನು ಫೋನ್ ಒತ್ತಿದ. ಫ್ಯಾನ್ ನಿಂತಿತು. ರೆಕ್ಕೆಗಳ ನಡುವೆ ಮೊದಲು ತನ್ನದೇ ಬೆರಳಿಟ್ಟು ತೋರಿಸಿದ.

"ಇದನ್ನ ನಿಲ್ಲಿಸೋ ಸಾಫ್ಟ್‌ವೇರ್ ಬರದಾಂವ ನಾನು. ಅದಕ್ಕ ಮೊದಲು ನನ್ನ ಕೈ. ಈಗ ನಂಬಿಕಿ ಬಂತಿಲ್ಲೋ?"

"ಇಲ್ರಿ. ಹೆದರಿಕಿ ಬಂತು."

ಮೌನೇಶ ನಕ್ಕ. "ಹಂಗಾರ ನಾಳಿಂದ ಬರ್ರಿ. ಹೆದರೋರು ಬೇಕು ನಮಗ."

ಇಂಥವನ ಹತ್ತಿರ ಯಾರಾದರೂ ಕೆಲಸಕ್ಕೆ ಸೇರುತ್ತಾರೆಯೇ? ಸುಜಾತಾ ಸೇರಿದಳು.

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ, ಗೊಬ್ಬರದಂಗಡಿಯ ಮೇಲೆ ಎರಡು ಕೋಣೆ. ಅದೇ ಅವನ ಸಾಫ್ಟ್‌ವೇರ್ ಸ್ಟುಡಿಯೋ. ಯಾರಿಗೆ ಏನು ಬೇಕೋ ಅದನ್ನು ಅವರವರ ಅಳತೆಗೆ ಹೊಲಿದು ಕೊಡುವ ಟೈಲರ್ ಕೆಲಸ ಅನ್ನಿ. ಆದರೆ ಬರೆದವರು ಮೊದಲು ತಮ್ಮ ಮೇಲೆ ಪರೀಕ್ಷೆ ಮಾಡಿಕೊಳ್ಳದೆ ಒಂದು ಕೆಲಸವೂ ಆ ಮೆಟ್ಟಿಲು ಇಳಿಯುತ್ತಿರಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಹುಡುಗಿಯ ಮನಸ್ಸು ಎತ್ತ ವಾಲಿತು ಅಂತ ನಾನು ಬಿಡಿಸಿ ಹೇಳಬೇಕೇ? ಸಂಜೆ ಅವಳ ಬಸ್ ಹೊರಡುವವರೆಗೂ ಅವನು ಕಟ್ಟೆಯ ಮೇಲೆ ಮಂಡಕ್ಕಿ ಮೆಲ್ಲುತ್ತ ಕೂತಿರುತ್ತಿದ್ದ. ಬಸ್ ಹೊರಟರೆ ಎದ್ದು ಹೋಗುತ್ತಿದ್ದ. ಬಾಯಿಬಿಟ್ಟು ಮಾತ್ರ ಏನೂ ಹೇಳನು, ಮಹಾರಾಯ.

ಕೂಡ್ಲಿಗಿ ರಸ್ತೆಯ ಹೊಲದ ದ್ಯಾಮಕ್ಕ ಬಂದದ್ದು ಆಗಲೇ. ಅವಳ ಬಾವಿಯ ಮೋಟರ್ ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗಬೇಕು. ಆದರೆ ಯಾರಾದರೂ ರಿಪೇರಿಗೆ ಬಾವಿಯೊಳಗೆ ಇಳಿದಿದ್ದರೆ ಚಾಲೂ ಆಗಬಾರದು. ಅದಕ್ಕೆ ಮೋಟರಿಗೊಂದು ಪೆಟ್ಟಿಗೆ, ಆ ಪೆಟ್ಟಿಗೆಗೆ ಫೋನಿನಲ್ಲೇ ಹಾಕುವ ಒಂದು ಬೀಗ ಬೇಕು. ಆ ಬೀಗದ ಸಾಫ್ಟ್‌ವೇರನ್ನು ಪೂರ್ತಿ ಸುಜಾತಾಳೇ ಬರೆದಳು.

ಪರೀಕ್ಷೆಯ ದಿನ ಬೆಳಿಗ್ಗೆ ಮೌನೇಶ ಬ್ಯಾಗು ಹೆಗಲಿಗೇರಿಸಿಕೊಂಡ.

"ಬೀಗ ಹಾಕಿ ಬಾವ್ಯಾಗ ನಾ ಇಳಿತೀನಿ, ಮೋಟರಿನಾಗ ಕೈ ಇಟ್ಟು ನೋಡ್ತೀನಿ. ನೀವು ಇಲ್ಲೇ ಇರ್ರಿ."

"ಬರದಾಕಿ ನಾನು, ಸರ್. ನನ್ನ ಕೈ ಮೊದಲಲ್ಲೇನ್ರಿ?"

"ಬ್ಯಾಡ ಅಂದ್ನೆಲ್ಲ."

ಅವಳ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.

'ನನ್ನ ಕೆಲಸದ ಮ್ಯಾಲೆ ನಂಬಿಕಿಲ್ಲ ಇವರಿಗೆ… ಇಷ್ಟು ದಿನ ಕೂಡಿ ಕೆಲಸ ಮಾಡಿದ್ದು ಇದಕ್ಕ?' ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಬುತ್ತಿ ಬಿಚ್ಚಿದಳು, ಮತ್ತೆ ಕಟ್ಟಿಟ್ಟಳು.

ಅಷ್ಟರಲ್ಲಿ ಕರೆಂಟ್ ಹೋಯಿತು. ಅದೇನು ಹೊಸದಲ್ಲ, ಯುಪಿಎಸ್ ಇತ್ತು. ಆದರೆ ಇವತ್ತು ಅದರ ಹಳೇ ಬ್ಯಾಟರಿಯೂ ಕೈಕೊಟ್ಟಿತು. ಹೊಲದಲ್ಲಿ ಕೂಡಿಸಿದಂಥದೇ ಮಾದರಿ ಪೆಟ್ಟಿಗೆ ಮೇಜಿನ ಮೇಲಿತ್ತು, ಅದೂ ಆರಿತು.

ಕರೆಂಟ್ ಮರಳಿ ಬಂದಾಗ ಪೆಟ್ಟಿಗೆಯಲ್ಲಿ ಹಸಿರು ದೀಪ ಹೊತ್ತಿತು. ಹಸಿರೆಂದರೆ ಮೋಟರ್ ಚಾಲೂ.

'ಬೀಗ ಹಾಕಿದ್ನೆಲ್ಲ ನಾನು?'

ಕರೆಂಟ್ ಹೋಗಿ ಬಂದರೆ ಪೆಟ್ಟಿಗೆಗೆ ಬೀಗದ ನೆನಪೇ ಉಳಿಯುತ್ತಿಲ್ಲ! ಇಲ್ಲಿ ಯುಪಿಎಸ್ ಕಾಯುತ್ತಿದ್ದುದರಿಂದ ಸುಜಾತಾಳಿಗೆ ಅದು ಒಮ್ಮೆಯೂ ಗೊತ್ತಾಗಿರಲಿಲ್ಲ. ಹೊಲದಲ್ಲಿ ಎಲ್ಲಿಯ ಯುಪಿಎಸ್?

ಮೌನೇಶನ ಫೋನಿಗೆ ಹಚ್ಚಿದಳು. ಸಿಗಲಿಲ್ಲ, ಬಾವಿಯೊಳಗೆ ಸಿಗ್ನಲ್ ಇರುವುದಿಲ್ಲ. ದ್ಯಾಮಕ್ಕ ಎತ್ತಲಿಲ್ಲ. ಹೊಲದ ಪೆಟ್ಟಿಗೆಯನ್ನು ತನ್ನ ಫೋನಿನಿಂದಲೇ ನಿಲ್ಲಿಸಲು ನೋಡಿದಳು. 'ಸಂಪರ್ಕವಿಲ್ಲ' ಎಂದಿತು.

ಅಂದರೆ ಅಲ್ಲಿಯೂ ಕರೆಂಟ್ ಹೋಗಿದೆ. ಯಾವ ಗಳಿಗೆಯಲ್ಲಾದರೂ ಬರಬಹುದು. ಅವನ ಕೈ ಮೋಟರಿನಲ್ಲಿದೆ…

ಸ್ಟುಡಿಯೋದ ಸ್ಕೂಟಿ ಹತ್ತಿದಳು. ಹೆಲ್ಮೆಟ್ಟೂ ಇಲ್ಲ, ಚಪ್ಪಲಿಯೂ ಇಲ್ಲ. ದಾರಿಯ ಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಮುಂದೆ ಹೆಂಗಸರು ಡಬ್ಬಿ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಗಿರಣಿ ನಿಂತಿತ್ತು, ಕರೆಂಟ್ ಇನ್ನೂ ಬಂದಿರಲಿಲ್ಲ. ಆ ಸದ್ದಿಲ್ಲದ ಗಿರಣಿ ನೋಡಿ ಅವಳಿಗೆ ಸಮಾಧಾನವೂ ಆಯಿತು, ಜೀವವೂ ಬಾಯಿಗೆ ಬಂತು.

'ಇನ್ನೊಂದೀಟು ಬರಬ್ಯಾಡ… ನಾ ಮುಟ್ಟೋತನ ಬರಬ್ಯಾಡ. ನಾನಾ ನನ್ನ ಕೈಯಾರೆ ಅವರನ್ನ… ಬ್ಯಾಡ ನಮ್ಮಪ್ಪಾ.'

ಬದುವಿನ ಮೇಲೆ ಸ್ಕೂಟಿ ಕೆಡವಿ ಓಡಿದಳು. ಬೇವಿನ ಮರದಡಿ ದ್ಯಾಮಕ್ಕ ಕೂತಿದ್ದಳು.

"ದ್ಯಾಮಕ್ಕ, ಫ್ಯೂಸ್ ಕೀಳ್ರಿ! ಲಗೂನ ಕೀಳ್ರಿ!"

ದ್ಯಾಮಕ್ಕ ಗಾಬರಿಯಿಂದ ಎದ್ದು ಆ ಬದಿಯ ಫ್ಯೂಸ್ ಕಂಬದತ್ತ ಓಡಿದಳು. ಸುಜಾತಾ ಬಾವಿಯ ದಂಡೆಗೆ ಬಿದ್ದು ಬಗ್ಗಿದಳು. ಕೆಳಗೆ ಕಲ್ಲುಹಾಸಿನ ಮೇಲೆ ಮೊಣಕಾಲೂರಿದ್ದ ಮೌನೇಶ. ಅವನ ಕೈ ಮೊಣಕೈವರೆಗೂ ಮೋಟರಿನೊಳಗೆ.

"ಮೌನೇಶಾ! ಕೈ ತಗಿ ಲೇ!"

ಅವನು ಯಾಕೆ ಅಂತ ಕೇಳಲಿಲ್ಲ. ಕೈ ಎಳೆದುಕೊಂಡು ಗೋಡೆಗೆ ಒರಗಿದ. ಅದೇ ಹೊತ್ತಿಗೆ ಮೋಟರ್ ಗುಂಯ್ ಎಂದು ತಿರುಗಿತು. ಅದರಲ್ಲೇ ಉಳಿದಿದ್ದ, ನಟ್ಟು ಬಿಗಿಯುವ ಪಾನಾ ಸಿಡಿದು, ಎದುರಿನ ಕಲ್ಲಿಗೆ ಬಡಿದು ನೀರಿಗೆ ಬಿತ್ತು.

ದ್ಯಾಮಕ್ಕ ಫ್ಯೂಸ್ ಕಿತ್ತಳು. ಮೋಟರ್ ನಿಂತಿತು.

ಮೌನೇಶ ಮೇಲೆ ಬಂದ. ಸುಜಾತಾ ಅವನ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಹತ್ತೂ ಬೆರಳು ಇದ್ದವು. ಆದರೂ ಬಿಡಲಿಲ್ಲ.

"ದ್ಯಾಮಕ್ಕ, ತಪ್ಪು ನಂದು," ಎಂದಳು. "ಕರೆಂಟ್ ಹೋದ್ರ ಬೀಗ ಮರೀತೈತಿ. ಸರಿ ಆಗೋತನ ಇದನ್ನ ನಿಮಗ ಕೊಡಂಗಿಲ್ಲ."

"ಕೊಡಬ್ಯಾಡವ್ವ. ಮೊದಲು ನೀರು ಕುಡಿ. ಮಾರಿ ನೋಡು, ಹೆಂಗ ಬಿಳಿಚೈತಿ." ದ್ಯಾಮಕ್ಕ ಕೊಡ ತರಲು ಮರದ ಕಡೆ ಹೋದಳು.

ಇಬ್ಬರೇ ಉಳಿದರು.

"ನನ್ನ ಕೆಲಸದ ಮ್ಯಾಲೆ ನಂಬಿಕಿಲ್ಲ, ಅದಕ್ಕ ನೀವಾ ಬಂದ್ರಿ. ಹೌದಿಲ್ಲೋ?"

"ನಂಬಿಕಿ ಇತ್ತು." ಮೌನೇಶ ನೆಲ ನೋಡಿದ. "ಆದ್ರ ನಿಮ್ಮ ಕೈ ಅದರಾಗ ಇರೋದನ್ನ ಮ್ಯಾಲೆ ನಿಂತು ನೋಡೋ ಧೈರ್ಯ ಇರಲಿಲ್ಲ. ಇಡೀ ರಾತ್ರಿ ನಿದ್ದಿ ಬರಲಿಲ್ಲ ಸುಜಾತಾ. ಬ್ಯಾರೆ ಯಾರಾಗಿದ್ರೂ ಕಳಸ್ತಿದ್ದೆ… ನಿನ್ನ ಕಳಸಾಕ ಆಗಲಿಲ್ಲ."

ವರ್ಷದಿಂದ ಕಾದ ಮಾತು! ಕೇಳಿ ಹುಡುಗಿ ನಗಬೇಕಿತ್ತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ನಿಮಗ ನೋಡಾಕ ಆಗಲಾರದ್ದು, ನನಗ ನೋಡಾಕ ಆಗ್ತಿತ್ತೇನು? ಈಗ ಒಂದೀಟು ತಡಾ ಆಗಿದ್ರ… ನಾ ಹೆಂಗ ಬದುಕ್ತಿದ್ದೆ, ಅದನ್ನ ಹೇಳ್ರಿ."

ಅವನು ಒಂದು ಕೈ ಬಿಡಿಸಿಕೊಂಡ. ಎಣ್ಣೆ ಮೆತ್ತಿದ ಬೆರಳುಗಳಿಂದಲೇ ಅವಳ ಕಣ್ಣೊರೆಸಿದ. ಕೆನ್ನೆಯೆಲ್ಲ ಕಪ್ಪಾಯಿತು.

"ತಪ್ಪಾತು," ಎಂದ. "ಇನ್ನೂ ಹೆದರಿಕಿ ಐತೇನು?"

"ಐತಿ."

"ನನಗೂ ಐತಿ." ಬೆರಳನ್ನು ಅಂಗಿಗೆ ಒರೆಸಿಕೊಂಡ. "ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರಲೇನು?"

ಸುಜಾತಾ ಮೂಗು ಒರೆಸಿಕೊಂಡು ಅವನ ಕೈ ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಬರ್ರಿ. ಆದ್ರ ಒಬ್ಬರಾ ಹೋಗೋ ಚಾಳಿ ಇಲ್ಲೇ ಬಾವ್ಯಾಗ ಬಿಟ್ಟು ಬರ್ರಿ."